ರಿಪೋರ್ಟಿನಲ್ಲಿ ಸೊನ್ನೆ ಬಂದವರು ಕೇಳುವ ಪ್ರಶ್ನೆಗಳು: ವೃಷಣದಿಂದ ವೀರ್ಯಾಣು ತೆಗೆಯುವ ಶಸ್ತ್ರಚಿಕಿತ್ಸೆ

ಮುಂಬಯಿಯ ಐವಿಎಫ್ ಲ್ಯಾಬ್ ಒಂದರಲ್ಲಿ ನಾನು ಎಂಬ್ರಿಯಾಲಜಿಸ್ಟ್. ಆಪರೇಷನ್ ಮಾಡುವವಳಲ್ಲ. ಥಿಯೇಟರಿನಿಂದ ಬಂದ ಚೂರಿನಲ್ಲಿ ವೀರ್ಯಾಣು ಹುಡುಕುವುದು, ಸಿಕ್ಕಿದ್ದನ್ನು ಅಂಡಾಣುವಿನೊಳಗೆ ಸೇರಿಸುವುದು ನನ್ನ ಕೆಲಸ. ನನಗೆ ಕನ್ನಡ ಬರುತ್ತದೆಂದು ಗೊತ್ತಾದ ಮೇಲೆ ಪ್ರಶ್ನೆಗಳು ನಿಂತಿಲ್ಲ. ಮಾಟುಂಗ, ಭಾಂಡುಪ್, ವಸಾಯಿಯವರು ಎದುರು ಕೂತು ಕೇಳುತ್ತಾರೆ. ಪಿಂಪ್ರಿಯಿಂದ ಧ್ವನಿಸಂದೇಶ ಬರುತ್ತದೆ, ವಾಸ್ಕೋದಿಂದ ರಾತ್ರಿ ಪಾಳಿ ಮುಗಿಸಿದವರ ಫೋನ್ ಬರುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸೊನ್ನೆ ಯಾಕೆ ಬಂತು ಎಂದು ಗೊತ್ತಾಗುವವರೆಗೆ ಆಪರೇಷನ್ನಿಗೆ ದಿನ ಗೊತ್ತುಮಾಡಬೇಡಿ ಎನ್ನುವ ನನ್ನ ಹಟ ಅಲ್ಲಲ್ಲಿ ಕಾಣಿಸಿದರೆ ಕ್ಷಮೆ ಇರಲಿ. ನಿಮ್ಮ ಚಿಕಿತ್ಸೆಯ ತೀರ್ಮಾನ ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ಡಾಕ್ಟರದ್ದೇ.

## ರಿಪೋರ್ಟು ಕೈಗೆ ಬಂದಾಗ

"ನಿಲ್ ಅಂತ ಬರೆದಿದ್ದಾರೆ. ಇನ್ನು ನಮಗೆ ಮಕ್ಕಳಾಗುವುದೇ ಇಲ್ಲವಾ?"

ಒಂದು ಕಾಗದ ನೋಡಿ ಆ ಮಾತು ಹೇಳಲು ಬರುವುದಿಲ್ಲ. ವೀರ್ಯದಲ್ಲಿ ಒಂದೂ ವೀರ್ಯಾಣು ಕಾಣದ ಸ್ಥಿತಿಗೆ ಅಜೂಸ್ಪರ್ಮಿಯಾ ಎನ್ನುತ್ತಾರೆ. 100 ಗಂಡಸರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬರುವ ಗಂಡಸರನ್ನಷ್ಟೇ ಲೆಕ್ಕ ಹಿಡಿದರೆ 100ಕ್ಕೆ 10ರಿಂದ 15 ಮಂದಿ.

ಮೊದಲು ಮಾಡಬೇಕಾದದ್ದು ಇನ್ನೊಂದು ಸ್ಯಾಂಪಲ್ ಕೊಡುವುದು. ಕೊಡುವಾಗ ಸ್ಯಾಂಪಲನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ನೋಡುತ್ತೀರಾ ಎಂದು ಲ್ಯಾಬಿನವರನ್ನು ಕೇಳಿ. ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ ಸೊನ್ನೆ ಬರೆಯುವ ಲ್ಯಾಬುಗಳಿವೆ. ಹಾಗೆ ಸೊನ್ನೆ ಬಂದ ಕೆಲವರಿಗೆ ತಳದಲ್ಲಿ ಬೆರಳೆಣಿಕೆಯಷ್ಟು ವೀರ್ಯಾಣು ಸಿಗುತ್ತದೆ. ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಬಿಡುವ ಇಕ್ಸಿಗೆ ಅಷ್ಟೇ ಸಾಕಾಗಬಹುದು, ಆಗ ಕತ್ತರಿಯ ಮಾತೇ ಬರುವುದಿಲ್ಲ.

"ಸಂಸಾರಕ್ಕೆ ಏನೂ ತೊಂದರೆ ಇಲ್ಲ, ವೀರ್ಯವೂ ಸರಿಯಾಗಿ ಬರುತ್ತದೆ. ಮತ್ತೆ ಸೊನ್ನೆ ಹೇಗೆ ಸಾಧ್ಯ?"

ಕಣ್ಣಿಗೆ ಕಾಣುವ ದ್ರವದ ಹೆಚ್ಚಿನ ಪಾಲು ಬರುವುದು ಸೆಮಿನಲ್ ವೆಸಿಕಲ್ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ. ವೃಷಣದಿಂದ ಬರುವುದು ಅದರಲ್ಲಿ ತೀರ ಸ್ವಲ್ಪ. ಆ ಸ್ವಲ್ಪದೊಳಗೆ ವೀರ್ಯಾಣು ಇದೆಯೋ ಇಲ್ಲವೋ ಎನ್ನುವುದು ಬಣ್ಣ, ದಪ್ಪ ನೋಡಿ ಗೊತ್ತಾಗುವುದಿಲ್ಲ. ದಾಂಪತ್ಯ ಸರಿಯಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. "ನನ್ನ ಮಗನಲ್ಲಿ ಏನೂ ಇರಲಿಕ್ಕಿಲ್ಲ, ನೋಡಲಿಕ್ಕೆ ಹೇಗಿದ್ದಾನೆ" ಎನ್ನುವ ಅತ್ತೆಯಂದಿರಿಗೂ ಇದೇ ಉತ್ತರ. ಸೊಸೆಗೆ ವರ್ಷಗಟ್ಟಲೆ ಸ್ಕ್ಯಾನಿಂಗ್ ಆದ ಮೇಲೆ ಮಗನ ಮೊದಲ ಸೀಮನ್ ಟೆಸ್ಟ್ ಆಗುವ ಮನೆಗಳು ಈಗಲೂ ಇವೆ. ಸಸ್ತಾದ ಪರೀಕ್ಷೆ ಅದು, ಮೊದಲ ವಾರದಲ್ಲೇ ಮುಗಿಸಬಹುದು.

"ಸ್ಯಾಂಪಲ್ ಮನೆಯಲ್ಲೇ ಕೊಟ್ಟು ಲೋಕಲ್‌ನಲ್ಲಿ ತರಬಹುದಾ? ನಾವು ಡೊಂಬಿವಲಿ, ಲ್ಯಾಬ್ ದಾದರಿನಲ್ಲಿ."

ಬೇಡ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಅದು ಲ್ಯಾಬ್ ಮುಟ್ಟಬೇಕು, ದಾರಿಯಲ್ಲಿ ತಣ್ಣಗಾಗಬಾರದು. ಮನೆಯಿಂದ ಸ್ಟೇಷನ್, ಫಾಸ್ಟ್ ಲೋಕಲ್, ದಾದರಿನ ಸೇತುವೆ ಎಲ್ಲ ಸೇರಿದರೆ ಹೊತ್ತು ಮೀರುತ್ತದೆ. ಲ್ಯಾಬಿನ ಕೋಣೆಯಲ್ಲೇ ಕೊಡಿ, ಸಂಕೋಚವಾದರೆ ಹೆಂಡತಿಯನ್ನು ಜೊತೆಗೆ ಬಿಡುತ್ತೀರಾ ಎಂದು ಕೇಳಿ. ಮೊದಲು 2ರಿಂದ 7 ದಿನ ಅಂತರ ಇರಲಿ. ಎಣ್ಣೆ, ಸೋಪು, ಎಂಜಲು, ಮಾಮೂಲಿ ಕಾಂಡೋಮ್ ಯಾವುದೂ ಬೇಡ.

ಸ್ವಲ್ಪ ಚೆಲ್ಲಿದ್ದರೆ ಮುಚ್ಚಿಡಬೇಡಿ. ವೀರ್ಯಾಣು ಹೆಚ್ಚಿರುವುದು ಮೊದಲು ಬರುವ ಪಾಲಿನಲ್ಲೇ. ಅದು ಚೆಲ್ಲಿ, ಪ್ರಮಾಣ ಕಡಿಮೆ ಎಂದು ರಿಪೋರ್ಟ್ ಬಂದರೆ ಡಾಕ್ಟರಿಗೆ ವೀರ್ಯದ ದಾರಿಯಲ್ಲಿ ಇಲ್ಲದ ಬ್ಲಾಕ್ ಕಾಣಿಸುತ್ತದೆ.

"ಒಬ್ಬ ಡಾಕ್ಟರು ಬ್ಲಾಕ್ ಅಂದರು, ಇನ್ನೊಬ್ಬರು ಪ್ರೊಡಕ್ಷನ್ನೇ ಇಲ್ಲ ಅಂದರು. ಯಾರನ್ನು ನಂಬುವುದು?"

ಯಾವ ಆಧಾರದ ಮೇಲೆ ಹಾಗೆ ಹೇಳುತ್ತೀರಿ ಎಂದು ಇಬ್ಬರನ್ನೂ ಕೇಳಿ. ಈ ಎರಡರ ನಡುವಿನ ವ್ಯತ್ಯಾಸದ ಮೇಲೆಯೇ ಮುಂದಿನದ್ದೆಲ್ಲ ನಿಂತಿದೆ. ಮೊದಲನೆಯದರಲ್ಲಿ ವೃಷಣ ವೀರ್ಯಾಣುವನ್ನು ತಯಾರಿಸುತ್ತಿದೆ, ಹೊರಬರುವ ದಾರಿ ಮುಚ್ಚಿದೆ. ಹಳೆಯ ಸೋಂಕು, ಕ್ಷಯ, ಚಿಕ್ಕಂದಿನಲ್ಲಿ ಆದ ಹರ್ನಿಯಾ ಆಪರೇಷನ್, ಹೈಡ್ರೋಸಿಲ್ ಆಪರೇಷನ್, ನಸ್‌ಬಂದಿ (ಮಕ್ಕಳಾಗದಂತೆ ಗಂಡಸಿನ ವೀರ್ಯನಾಳ ಕತ್ತರಿಸುವ ಆಪರೇಷನ್), ಅಥವಾ ಹುಟ್ಟಿನಿಂದಲೇ ನಾಳ ಇಲ್ಲದಿರುವುದು ಕಾರಣವಾಗಿರುತ್ತದೆ. ಇಂಥವರಲ್ಲಿ ಸೂಜಿ ಹಾಕಿದರೆ 10ರಲ್ಲಿ 9ಕ್ಕಿಂತ ಹೆಚ್ಚು ಮಂದಿಗೆ ವೀರ್ಯಾಣು ಸಿಗುತ್ತದೆ.

ಎರಡನೆಯದರಲ್ಲಿ ದಾರಿ ತೆರೆದೇ ಇದೆ, ತಯಾರಿಯಲ್ಲೇ ತೊಂದರೆ. ಆದರೂ ವೃಷಣದ ಯಾವುದೋ ಮೂಲೆಯಲ್ಲಿ ಸ್ವಲ್ಪ ತಯಾರಿ ನಡೆಯುತ್ತಿರಬಹುದು. ಅದನ್ನು ಹುಡುಕಲು ಮೈಕ್ರೋಸ್ಕೋಪ್ ಇಟ್ಟು ಮಾಡುವ ದೊಡ್ಡ ಆಪರೇಷನ್ ಬೇಕು, ಅದರಲ್ಲೂ ಸಿಗುವುದು ಹೆಚ್ಚುಕಡಿಮೆ ಅರ್ಧ ಮಂದಿಗೆ. ಸೊನ್ನೆ ಬಂತೆಂದ ಕೂಡಲೇ ಎಲ್ಲರಿಗೂ ಒಂದೇ ಪ್ಯಾಕೇಜ್ ತೋರಿಸುವ ಕಡೆ ನಾನಾದರೆ ಮುಂಗಡ ಕಟ್ಟುವುದಿಲ್ಲ.

"ಹದಿನೈದು ವರ್ಷ ಹೋಟೆಲಿನ ಒಲೆ ಮುಂದೆ ನಿಂತಿದ್ದೇನೆ. ಅದರಿಂದಲೇ ಹೀಗಾಯಿತಾ?"

ಇದು ನಮ್ಮವರದ್ದೇ ಪ್ರಶ್ನೆ. ವೃಷಣಕ್ಕೆ ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ದೋಸೆಕಲ್ಲಿನ ಮುಂದೆ ದಿನವಿಡೀ ನಿಲ್ಲುವವರಿಗೆ ಕೌಂಟ್ ಇಳಿಯಬಹುದು. ಆದರೆ ಪೂರ್ತಿ ಸೊನ್ನೆಗೆ ಒಲೆಯೊಂದನ್ನೇ ಕಾರಣ ಮಾಡಿ ಸುಮ್ಮನಾಗಬೇಡಿ. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿತ್ತಾ, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಆಗಿತ್ತಾ, ಟಿಬಿ ಔಷಧ ತೆಗೆದುಕೊಂಡಿದ್ದಿರಾ ಎಂದು ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿ. ಆಪರೇಷನ್ನಿನ ನೆನಪು ಮಗನಿಗಿರುವುದಿಲ್ಲ, ಅಮ್ಮನಿಗಿರುತ್ತದೆ.

"ಜಿಮ್ಮಿನಲ್ಲಿ ಟ್ರೇನರ್ ಕೊಟ್ಟ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ಡಾಕ್ಟರಿಗೆ ಹೇಳಬೇಕಾ?"

ಹೆಂಡತಿಯ ಎದುರು ಹೇಳಲಾಗದಿದ್ದರೆ ಡಾಕ್ಟರ ಜೊತೆ ಒಬ್ಬರೇ ಕೂತು ಹೇಳಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಹೋದರೆ, ಮೈಯಲ್ಲಿ ಬೇಕಾದಷ್ಟಿದೆ ಎಂದು ಮೆದುಳು ತನ್ನ ಹಾರ್ಮೋನು ನಿಲ್ಲಿಸುತ್ತದೆ. ವೃಷಣದೊಳಗಿನ ತಯಾರಿಯೂ ನಿಲ್ಲುತ್ತದೆ. ತೋಳು ದಪ್ಪಗಾಗುತ್ತದೆ, ಕೌಂಟ್ ಸೊನ್ನೆಯಾಗುತ್ತದೆ. ಇಂಜೆಕ್ಷನ್ ಬಿಟ್ಟರೆ ಹೆಚ್ಚಿನವರಿಗೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ವರ್ಷ ದಾಟಬಹುದು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಬಿಟ್ಟ ಮರುವಾರ ಟೆಸ್ಟ್ ಮಾಡಿಸಿ ಗಾಬರಿಯಾಗಬೇಡಿ. ಸುಸ್ತು ಎಂದು ಯಾರಾದರೂ ಟೆಸ್ಟೋಸ್ಟೆರಾನ್ ಬರೆದುಕೊಟ್ಟಿದ್ದರೂ ಮಗು ಬೇಕಿರುವಾಗ ಅದು ಉಲ್ಟಾ ಔಷಧವೇ.

"ಆಪರೇಷನ್ನಿಗೆ ಮೊದಲು ಇಷ್ಟೆಲ್ಲ ಟೆಸ್ಟ್ ಯಾಕೆ? ದುಡ್ಡು ಮಾಡಲಿಕ್ಕಾ?"

ಇಲ್ಲಿ ನಾನು ಟೆಸ್ಟಿನ ಪಕ್ಷ. ಗಂಡಸರ ಬಂಜೆತನ ನೋಡುವ ಅನುಭವಿ ಆಂಡ್ರಾಲಜಿಸ್ಟ್ ಮೊದಲು ಕೈಯಿಂದ ನೋಡುತ್ತಾರೆ. ವೃಷಣದ ಗಾತ್ರ ಎಷ್ಟು, ವೀರ್ಯನಾಳ ಬೆರಳಿಗೆ ಸಿಗುತ್ತದಾ ಇಲ್ಲವಾ ಎನ್ನುವುದಕ್ಕೆ ಯಾವ ಯಂತ್ರವೂ ಬೇಡ. ಪ್ಯಾಂಟು ಬಿಚ್ಚಿಸದೆ ಬರೀ ಫೈಲು ನೋಡಿ ಆಪರೇಷನ್ ಬರೆದರೆ ಇನ್ನೊಂದು ಕಡೆ ತೋರಿಸಿ.

ಆಮೇಲೆ ರಕ್ತದಲ್ಲಿ, ವೃಷಣವನ್ನು ಕೆಲಸಕ್ಕೆ ಹಚ್ಚಲು ಮೆದುಳಿನಿಂದ ಬರುವ ಹಾರ್ಮೋನಾದ ಎಫ್‌ಎಸ್‌ಎಚ್ ಮತ್ತು ಟೆಸ್ಟೋಸ್ಟೆರಾನ್. ವೃಷಣ ಸಣ್ಣದಾಗಿ ಎಫ್‌ಎಸ್‌ಎಚ್ 7.6ಕ್ಕಿಂತ ಮೇಲಿದ್ದರೆ ತಯಾರಿಯ ತೊಂದರೆ ಇರುವ ಸಾಧ್ಯತೆ ಹೆಚ್ಚು. ಎರಡೂ ಸರಿಯಿದ್ದರೆ ಬ್ಲಾಕ್ ಇರಬಹುದು. ಇದೂ ಪಕ್ಕಾ ಅಲ್ಲ: ವೀರ್ಯಾಣು ಬೆಳೆಯುವುದು ಅರ್ಧ ದಾರಿಯಲ್ಲಿ ನಿಂತುಹೋಗುವ ಮ್ಯಾಚುರೇಷನ್ ಅರೆಸ್ಟ್ ಎಂಬ ಸ್ಥಿತಿಯಲ್ಲಿ ಗಾತ್ರ, ಹಾರ್ಮೋನು ಎರಡೂ ಸರಿಯಾಗಿಯೇ ಕಾಣಬಹುದು.

ತಯಾರಿಯ ತೊಂದರೆ ಎಂದಾದರೆ ಕ್ರೋಮೋಸೋಮ್ ಪರೀಕ್ಷೆಯೂ ವೈ ಮೈಕ್ರೋಡಿಲೀಷನ್ ಪರೀಕ್ಷೆಯೂ ಬೇಕೇ ಬೇಕು. ವೈ ಕ್ರೋಮೋಸೋಮಿನಲ್ಲಿ ಎಜೆಡ್‌ಎಫ್ ಎಂಬ ಜಾಗಕ್ಕೆ ಎ, ಬಿ, ಸಿ ಎಂದು ಮೂರು ಭಾಗ. ಸಿ ಭಾಗ ಮಾತ್ರ ಹೋಗಿದ್ದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ವೀರ್ಯಾಣು ಸಿಗುತ್ತದೆ. ಎ ಅಥವಾ ಬಿ ಪೂರ್ತಿ ಹೋಗಿದ್ದರೆ ಎಷ್ಟು ಹುಡುಕಿದರೂ ಸಿಗುವುದಿಲ್ಲ ಎಂದೇ ಹೇಳಬಹುದು, ಆಪರೇಷನ್ ಮಾಡಿಸಬಾರದು. ಇಷ್ಟು ಹೇಳಲು ಒಂದು ಟ್ಯೂಬ್ ರಕ್ತ ಸಾಕು. ಅದನ್ನು ಬಿಟ್ಟು ಮೂರು ಗಂಟೆಯ ಆಪರೇಷನ್ ಮಾಡಿಸಿಕೊಂಡು, ಬೆನ್ನಿಗೇ ಆ ರಿಪೋರ್ಟ್ ಹಿಡಿದು ಬರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

"ಆಪರೇಷನ್ ಇಲ್ಲದೆ ಔಷಧದಲ್ಲೇ ಆಗುವುದಿಲ್ಲವಾ?"

ಕೆಲವರಿಗೆ ಆಗುತ್ತದೆ. ಮೆದುಳಿನ ಪಿಟ್ಯುಟರಿಯಿಂದ ಹಾರ್ಮೋನು ಬಾರದೆ ಸೊನ್ನೆಯಾದವರಿಗೆ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್ ತಿಂಗಳುಗಟ್ಟಲೆ ಕೊಟ್ಟರೆ ಹೆಚ್ಚಿನವರಲ್ಲಿ ವೀರ್ಯಾಣು ಬರಲು ಶುರುವಾಗುತ್ತದೆ. ಇವರಲ್ಲಿ ಕೆಲವರಿಗೆ ಹುಟ್ಟಿನಿಂದ ವಾಸನೆಯೇ ಗೊತ್ತಾಗುವುದಿಲ್ಲ, ಗಡ್ಡ ಮೀಸೆ ತಡವಾಗಿ ಬಂದಿರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತಿರಬಹುದು. ಆಗ ಮೂತ್ರದಲ್ಲೇ ಹುಡುಕಿ ತೆಗೆಯುತ್ತೇವೆ. ಉಳಿದವರಿಗೆ ಔಷಧದಿಂದ ಸೊನ್ನೆ ತುಂಬುವ ಭರವಸೆ ಕಡಿಮೆ. ಊರಿನ ಮದ್ದು, ಪುಡಿ, ಲೇಹ್ಯದ ಜೊತೆ ನನಗೆ ಜಗಳವಿಲ್ಲ, ಅದಕ್ಕೆಂದು ಎರಡು ವರ್ಷ ಕಾಯುವುದರ ಜೊತೆ ಇದೆ. ಅಷ್ಟು ಹೊತ್ತಿಗೆ ಹೆಂಡತಿಗೆ 34 ಹೋಗಿ 36 ಆಗಿರುತ್ತದೆ.

## ಆಪರೇಷನ್ನಿನ ಬಗ್ಗೆ

"ಟೀಸಾ, ಪೀಸಾ, ಮೀಸಾ, ಮೈಕ್ರೋ ಟೀಸೆ... ಇವುಗಳಲ್ಲಿ ನಮಗೆ ಯಾವುದು?"

ಹೆಸರಿನ ಗಲಾಟೆ ದೊಡ್ಡದು, ವಿಷಯ ಸಣ್ಣದು. ವೃಷಣದ ಬೆನ್ನಿಗಂಟಿ ಎಪಿಡಿಡಿಮಿಸ್ ಎಂಬ ಸುರುಳಿ ನಾಳವಿದೆ, ತಯಾರಾದ ವೀರ್ಯಾಣು ಬಲಿಯುವುದು ಅಲ್ಲಿ. ಬ್ಲಾಕ್ ಇದ್ದವರಲ್ಲಿ ಅದು ತುಂಬಿ ಊದಿಕೊಂಡಿರುತ್ತದೆ. ಅದಕ್ಕೆ ಸಣ್ಣ ಸೂಜಿ ಹಾಕಿ ಎಳೆದರೆ ಪೀಸಾ. ಚರ್ಮ ಕೊಯ್ದು ಮೈಕ್ರೋಸ್ಕೋಪಿನಡಿ ಅದೇ ನಾಳವನ್ನು ಬಿಡಿಸಿ ತೆಗೆದರೆ ಮೀಸಾ, ಇದರಲ್ಲಿ ಹೆಚ್ಚು ಸಿಗುತ್ತದೆ, ಫ್ರೀಜ್ ಮಾಡಿಡಲು ಅನುಕೂಲ. ಸೂಜಿಯನ್ನು ನೇರ ವೃಷಣಕ್ಕೇ ಹಾಕಿದರೆ ಟೀಸಾ. ವೃಷಣ ಕೊಯ್ದು ಚೂರು ತೆಗೆದರೆ ಟೀಸೆ, ಅದನ್ನೇ ಮೈಕ್ರೋಸ್ಕೋಪಿನಡಿ ಹುಡುಕಿ ಹುಡುಕಿ ತೆಗೆದರೆ ಮೈಕ್ರೋ ಟೀಸೆ.

ಬ್ಲಾಕ್ ಇದ್ದವರಿಗೆ ಹೆಚ್ಚಾಗಿ ಪೀಸಾ ಅಥವಾ ಟೀಸಾದಲ್ಲೇ ಕೆಲಸ ಮುಗಿಯುತ್ತದೆ. ಬ್ಲಾಕ್ ಎಂದು ಖಚಿತವಾಗಿರುವಾಗ ನೇರ ಮೈಕ್ರೋ ಟೀಸೆ ಹೇಳಿದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

"ಸೂಜಿ ಹಾಕಿ ನೋಡಿದರು, ಏನೂ ಸಿಗಲಿಲ್ಲ. ಇನ್ನು ಮೈಕ್ರೋ ಟೀಸೆಯಲ್ಲಿ ಏನು ಸಿಗುತ್ತದೆ?"

ತಯಾರಿಯ ತೊಂದರೆ ಇದ್ದವರಲ್ಲಿ ಸೂಜಿ ನೋಡಿದ್ದು ಒಂದು ಗೆರೆ ಮಾತ್ರ. ವೃಷಣದೊಳಗೆ ನೂರಾರು ಮೀಟರ್ ಉದ್ದದ ನವಿರು ಕೊಳವೆಗಳು ಸುತ್ತಿಕೊಂಡಿವೆ. ಎಲ್ಲ ಕಡೆ ಒಂದೇ ಸ್ಥಿತಿ ಇರುವುದಿಲ್ಲ. ಮೈಕ್ರೋ ಟೀಸೆಯಲ್ಲಿ ಸರ್ಜನ್ ವೃಷಣದ ಬಿಳಿ ಪೊರೆಯನ್ನು ನಡುವಿನಲ್ಲಿ ಅಗಲಕ್ಕೆ ತೆರೆದು, 15ರಿಂದ 25 ಪಟ್ಟು ದೊಡ್ಡದು ಮಾಡಿ ಒಳಗಿನ ಪದರ ಪದರವನ್ನು ನೋಡುತ್ತಾರೆ. ಆಗ ಕಾಣುವುದು ಬೆಂದ ಶ್ಯಾವಿಗೆಯ ಹಾಗೆ ಎಳೆ ಎಳೆ. ವೀರ್ಯಾಣು ಇಲ್ಲದ ಎಳೆ ಸಪೂರ, ಆಚೆಯ ಬೆಳಕು ಕಾಣುವಷ್ಟು ತೆಳು. ಒಳಗೆ ತಯಾರಿ ನಡೆಯುತ್ತಿರುವುದು ಸ್ವಲ್ಪ ದಪ್ಪ, ಬಿಳಿ, ಮಾಸಲು. ಅಂಥವನ್ನೇ ಹೆಕ್ಕಿ ನಮಗೆ ಕೊಡುತ್ತಾರೆ.

ಈ ವಿಧಾನವನ್ನು ನ್ಯೂಯಾರ್ಕಿನ ಕಾರ್ನೆಲ್‌ನ ಪೀಟರ್ ಶ್ಲೆಗೆಲ್ 1999ರಲ್ಲಿ ಪ್ರಕಟಿಸಿದರು. ಕಡಿಮೆ ಮಾಂಸ ತೆಗೆದು ಹೆಚ್ಚು ವೀರ್ಯಾಣು ಹುಡುಕುವುದು ಅದರ ಜಾಣತನ. ಎಫ್‌ಎಸ್‌ಎಚ್ ತುಂಬ ಏರಿದೆ ಎನ್ನುವ ಕಾರಣಕ್ಕೇ ಸಿಗುವುದಿಲ್ಲ ಎನ್ನಲಾಗದು. ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುವ ಕ್ಲೈನ್‌ಫೆಲ್ಟರ್ ಇದ್ದವರ ವೃಷಣ ಗೋಲಿಯಷ್ಟೇ ಇದ್ದರೂ 10ರಲ್ಲಿ ನಾಲ್ಕೈದು ಮಂದಿಗೆ ಸಿಗುತ್ತದೆ. ಆದರೆ ಇದು ಸರ್ಜನ್‌ನ ಕೈಗುಣವನ್ನೂ ಲ್ಯಾಬಿನವರ ತಾಳ್ಮೆಯನ್ನೂ ಬೇಡುವ ಕೆಲಸ. ವರ್ಷಕ್ಕೆ ಎಷ್ಟು ಮಾಡುತ್ತೀರಿ, ಬ್ಲಾಕ್ ಇಲ್ಲದವರಲ್ಲಿ ಎಷ್ಟು ಮಂದಿಗೆ ಸಿಕ್ಕಿದೆ ಎಂದು ಕೇಳಿ. ಎರಡು ಬಗೆಯವರನ್ನೂ ಕಲಸಿ 90 ಪರ್ಸೆಂಟ್ ಎನ್ನುವ ಲೆಕ್ಕ ನಿಮಗೆ ಉಪಯೋಗವಿಲ್ಲ.

"ನೋವು ಎಷ್ಟಿರುತ್ತದೆ? ಎಷ್ಟು ದಿನ ರಜೆ ಹಾಕಬೇಕು?"

ಸೂಜಿಯದ್ದಾದರೆ ಆ ಜಾಗ ಮರಗಟ್ಟಿಸಿ ಅಥವಾ ಸ್ವಲ್ಪ ನಿದ್ದೆ ಕೊಟ್ಟು ಮಾಡುತ್ತಾರೆ, ಸಂಜೆಗೆ ಮನೆಗೆ ಹೋಗಬಹುದು, ಒಂದೆರಡು ದಿನ ಸಾಕು. ಮೈಕ್ರೋ ಟೀಸೆಗೆ ಪೂರ್ತಿ ಅರಿವಳಿಕೆ ಅಥವಾ ಬೆನ್ನಿಗೆ ಇಂಜೆಕ್ಷನ್, ಎರಡು ಮೂರು ಗಂಟೆ ಹಿಡಿಯುತ್ತದೆ. ಆಮೇಲೆ ಒಂದು ವಾರ ಕೆಲಸ ಬೇಡ, ವಿರಾರ್ ಲೋಕಲಿನ ನೂಕಾಟವಂತೂ ಬೇಡವೇ ಬೇಡ. ಬಿಗಿ ಚಡ್ಡಿ, ಬಟ್ಟೆ ಸುತ್ತಿದ ಐಸ್, ಎರಡು ವಾರ ಭಾರ ಎತ್ತದಿರುವುದು. ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರ್ ಎತ್ತುವವರು ಮಾಲೀಕರಿಗೆ ಹರ್ನಿಯಾ ಎಂದು ಹೇಳಿ ರಜೆ ಹಾಕುತ್ತಾರೆ, ಹಾಕಲಿ. ಊತ ಹೆಚ್ಚುತ್ತಾ ಹೋದರೆ, ಜ್ವರ ಬಂದರೆ, ಕೂಡಲೇ ಆಸ್ಪತ್ರೆಗೆ ಬನ್ನಿ.

"ಮೇಡಂ, ಆಪರೇಷನ್ ಮಾಡಿಸಿದ್ರ ಗಂಡಸ್ತನ ಹೋಗತೈತೇನ್ರಿ?"

ಹೋಗೂದಿಲ್ರಿ. ನಿಮಿರುವಿಕೆಯ ನರಗಳು ಬೇರೆ ಕಡೆ ಇವೆ, ಅವನ್ನು ಯಾರೂ ಮುಟ್ಟುವುದಿಲ್ಲ. ಮುಚ್ಚಿಡಬಾರದ ಮಾತೊಂದಿದೆ: ಮೈಕ್ರೋ ಟೀಸೆ ಆದ ಮೇಲೆ ಟೆಸ್ಟೋಸ್ಟೆರಾನ್ ಕೆಲವು ತಿಂಗಳು ಇಳಿಯಬಹುದು. ಹೆಚ್ಚಿನವರಲ್ಲಿ ಒಂದು ವರ್ಷದ ಹೊತ್ತಿಗೆ ಮೊದಲಿನ ಹತ್ತಿರ ಬರುತ್ತದೆ. ಕ್ಲೈನ್‌ಫೆಲ್ಟರ್ ಇದ್ದವರಲ್ಲಿ, ಮೊದಲೇ ಸಣ್ಣ ವೃಷಣ ಇದ್ದವರಲ್ಲಿ ಬಾರದೆಯೂ ಇರಬಹುದು, ಆಗ ಹಾರ್ಮೋನು ತೆಗೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಆಪರೇಷನ್ನಿನ ಮೊದಲೂ ಆಮೇಲೂ ಆ ರಕ್ತಪರೀಕ್ಷೆ ಆಗಬೇಕು.

"ನನಗೆ ನಸ್‌ಬಂದಿ ಆಗಿತ್ತು, ಈಗ ಎರಡನೇ ಮದುವೆ. ನಾಳ ಜೋಡಿಸುವುದಾ, ನೇರ ಐವಿಎಫ್ಫಾ?"

ಹೆಂಡತಿಗೆ ವಯಸ್ಸು ಕಡಿಮೆ, ನಸ್‌ಬಂದಿ ಆಗಿ ಹೆಚ್ಚು ವರ್ಷ ಆಗಿಲ್ಲ ಎಂದಾದರೆ ಜೋಡಿಸುವುದನ್ನು ಮೊದಲು ವಿಚಾರಿಸಿ. ಅದು ಫಲಿಸಿದರೆ ಐವಿಎಫ್ ಇಲ್ಲದೆ ಸಹಜವಾಗಿಯೇ ಗರ್ಭ ನಿಲ್ಲಬಹುದು. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಜೋಡಿಸಿಕೊಂಡವರಲ್ಲಿ 97 ಪರ್ಸೆಂಟ್ ಮಂದಿಗೆ ವೀರ್ಯಾಣು ಮರಳಿತ್ತು, 76 ಪರ್ಸೆಂಟ್ ದಂಪತಿಗೆ ಗರ್ಭ ನಿಂತಿತ್ತು. 15 ವರ್ಷ ದಾಟಿದವರಲ್ಲಿ ಅದು 71 ಮತ್ತು 30ಕ್ಕೆ ಇಳಿದಿತ್ತು. ಹೆಂಡತಿಗೆ 37–38 ದಾಟಿದ್ದರೆ ಅಥವಾ ಆಕೆಯ ನಾಳಗಳೂ ಮುಚ್ಚಿದ್ದರೆ ಪೀಸಾ ಮಾಡಿ ಇಕ್ಸಿಗೆ ಹೋಗುವುದು ಹತ್ತಿರದ ದಾರಿ.

## ಲ್ಯಾಬಿನ ಒಳಗೆ

"ವೀರ್ಯಾಣು ಸಿಕ್ಕಿದರೆ ಐಯುಐ ಮಾಡಿದರೆ ಆಗದಾ? ಖರ್ಚು ಕಡಿಮೆ."

ಆಗದು. ಐಯುಐ ಎಂದರೆ ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಬಿಡುವುದು, ಅದಕ್ಕೆ ತಾವೇ ಈಜಿ ಹೋಗಬಲ್ಲ ಲಕ್ಷಗಟ್ಟಲೆ ವೀರ್ಯಾಣು ಬೇಕು. ವೃಷಣದಿಂದ ನೇರ ತೆಗೆದದ್ದು ಇನ್ನೂ ಬಲಿತಿರುವುದಿಲ್ಲ, ಬಾಲ ಅಲುಗಿದರೆ ಅದೇ ದೊಡ್ಡದು. ಅದಕ್ಕೆ ಇಕ್ಸಿಯೇ ಬೇಕು: ಒಂದು ಅಂಡಾಣುವಿಗೆ ಒಂದು ವೀರ್ಯಾಣು, ಸೂಜಿಯಿಂದ ಒಳಗೆ ಬಿಡುವುದು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಐವಿಎಫ್ ಮಗು ಹುಟ್ಟಿದ್ದು 1986ರ ಆಗಸ್ಟ್ 6ರಂದು. ಆ ಕಾಲಕ್ಕೂ ಸೊನ್ನೆ ರಿಪೋರ್ಟಿನವರಿಗೆ ಹೆಚ್ಚು ದಾರಿ ಇರಲಿಲ್ಲ. 1992ರಲ್ಲಿ ಬ್ರಸೆಲ್ಸಿನ ಜಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಇಕ್ಸಿಯಿಂದ ಗರ್ಭ ನಿಂತದ್ದನ್ನು ಪ್ರಕಟಿಸಿದ ಮೇಲೆ ವೃಷಣದಿಂದ ತೆಗೆದ ಒಂದೆರಡಕ್ಕೂ ಬೆಲೆ ಬಂತು.

"ತೆಗೆದುಕೊಟ್ಟ ಮೇಲೆ ನೀವು ಒಳಗೆ ಏನು ಮಾಡುತ್ತೀರಿ? ಯಾಕೆ ಅಷ್ಟು ಹೊತ್ತು?"

ಥಿಯೇಟರಿನಿಂದ ಬಲ, ಎಡ ಎಂದು ಬರೆದ ಸಣ್ಣ ಟ್ಯೂಬುಗಳು ಒಂದೊಂದಾಗಿ ಬರುತ್ತವೆ, ಒಳಗೆ ಅಕ್ಕಿಕಾಳಿಗಿಂತ ಸಣ್ಣ ಚೂರು. ಅದನ್ನು ತಟ್ಟೆಗೆ ಹಾಕಿ ಎರಡು ಸೂಜಿಯಿಂದ ಎಳೆ ಎಳೆ ಬಿಡಿಸಿ, ಹಿಂಡಿ, ಕೊಳವೆಯೊಳಗಿದ್ದದ್ದು ದ್ರವಕ್ಕೆ ಬರುವಂತೆ ಮಾಡುತ್ತೇವೆ. ಆಮೇಲೆ ಹನಿ ಹನಿಯಾಗಿ ಮೈಕ್ರೋಸ್ಕೋಪಿನಡಿ. ಕಾಣುವುದೆಲ್ಲ ರಕ್ತಕಣ, ಚೂರುಪಾರು, ಇನ್ನೂ ಬಾಲ ಮೂಡದ ದುಂಡು ಕೋಶಗಳು. ಕಣ್ಣು ಹುಡುಕುವುದು ಒಂದು ಬಾಲವನ್ನು. ತಲೆಯ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು, ರಕ್ತಕಣದ ಮರೆಯಲ್ಲಿ ನಿಂತರೆ ಕಾಣಿಸುವುದೇ ಇಲ್ಲ. ಈ ನಡುವೆ ಇಂಟರ್‌ಕಾಮ್ ಹೊಡೆಯುತ್ತದೆ, ಸಿಕ್ಕಿತಾ ಎಂದು ಸರ್ಜನ್ ಕೇಳುತ್ತಾರೆ. ಸಿಕ್ಕಿತು ಎಂದರೆ ಹೊಲಿಗೆ ಹಾಕುತ್ತಾರೆ, ಇಲ್ಲ ಎಂದರೆ ಇನ್ನೊಂದು ವೃಷಣ ತೆರೆಯುತ್ತಾರೆ. ಅವಸರದಲ್ಲಿ ಇಲ್ಲ ಎನ್ನಬಾರದೆಂದು ಇಬ್ಬರು ಸರದಿಯಲ್ಲಿ ಕೂರುತ್ತೇವೆ. ಆಪರೇಷನ್ ಮುಗಿದ ಮೇಲೂ ಉಳಿದ ಹನಿಗಳನ್ನು ಗಂಟೆಗಟ್ಟಲೆ ನೋಡುವುದಿದೆ.

ಸಿಕ್ಕಿದ್ದು ಅಲುಗದಿದ್ದರೆ ಜೀವಂತವಿದೆಯೇ ಎಂದು ತಿಳಿಯಬೇಕು. ಉಪ್ಪಿನಂಶ ಕಡಿಮೆ ಇರುವ ದ್ರವಕ್ಕೆ ಬಿಟ್ಟರೆ ಜೀವವಿರುವ ವೀರ್ಯಾಣುವಿನ ಬಾಲ ಊದಿ ಸುರುಳಿಯಾಗುತ್ತದೆ. ಅದನ್ನೇ ಆರಿಸಿ ಬೇರೆ ಹನಿಗೆ ಸಾಗಿಸಿಡುತ್ತೇವೆ. ಹೊರಗೆ ಕೂತವರಿಗೆ ತಡವಾಯಿತೆಂದರೆ ಕೆಟ್ಟ ಸುದ್ದಿ ಅನಿಸುತ್ತದೆ. ಹಾಗೇನಿಲ್ಲ, ಹುಡುಕುತ್ತಿದ್ದೇವೆ ಅಷ್ಟೇ.

"ದೋಷ ಅವರದ್ದು. ಇಂಜೆಕ್ಷನ್ ಎಲ್ಲ ನನಗೆ ಯಾಕೆ?"

ನಿಮ್ಮ ಸಿಟ್ಟು ನ್ಯಾಯವೇ. ಒಂದು ಸೈಕಲ್‌ನಲ್ಲಿ ಹಲವು ಅಂಡಾಣು ಸಿಗಬೇಕಾದರೆ ಹತ್ತು ಹನ್ನೆರಡು ದಿನ ಇಂಜೆಕ್ಷನ್ ಬೇಕಾಗುತ್ತದೆ. ವೃಷಣದ ವೀರ್ಯಾಣುವಿನಿಂದ ಎಲ್ಲ ಅಂಡಾಣುವೂ ಫಲಿಸುವುದಿಲ್ಲ, ಕೈಯಲ್ಲಿ ನಾಲ್ಕಾರು ಹೆಚ್ಚು ಇರಬೇಕು. ಕೊನೆಗೆ ಮಗು ಆಗುವ ಸಾಧ್ಯತೆಯನ್ನು ಗಂಡನ ರಿಪೋರ್ಟಿಗಿಂತ ಹೆಚ್ಚು ನಿರ್ಧರಿಸುವುದು ನಿಮ್ಮ ವಯಸ್ಸು. ಹಾಗೆಂದೇ, ಗಂಡನ ಪರೀಕ್ಷೆ ಪೂರ್ತಿಯಾಗದೆ ನಿಮ್ಮ ಇಂಜೆಕ್ಷನ್ ಶುರುಮಾಡಲು ಒಪ್ಪಬೇಡಿ.

"ನನ್ನ ಎಗ್ ಪಿಕಪ್ಪಿನ ದಿನವೇ ಅವರ ಆಪರೇಷನ್ನಾ? ಅಥವಾ ಮೊದಲೇ ಮಾಡಿ ಫ್ರೀಜ್ ಮಾಡುವುದಾ?"

ಬ್ಲಾಕ್ ಇರುವವರಿಗೆ ಎರಡೂ ಸರಿ. ಫ್ರೀಜ್ ಮಾಡಿದ್ದು ತಾಜಾ ಇದ್ದದ್ದಕ್ಕೆ ಹೆಚ್ಚೇನೂ ಕಮ್ಮಿಯಿಲ್ಲ, ಇನ್ನೊಂದು ಸೈಕಲ್‌ಗೂ ಬರುತ್ತದೆ.

ತಯಾರಿಯ ತೊಂದರೆ ಇರುವವರ ಮನೆಯಲ್ಲಿ ಈ ಮಾತು ಕೂತು ಆಡಲೇಬೇಕು. ಅಂಡಾಣು ಬಲಿಯಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ಆಗಿ 34ರಿಂದ 36 ಗಂಟೆಯೊಳಗೆ ಪಿಕಪ್, ಅಂದರೆ ಅಂಡಾಣು ಹೊರತೆಗೆಯುವುದು, ಆಗಲೇಬೇಕು, ಅದನ್ನು ಮುಂದೂಡಲು ಬರುವುದಿಲ್ಲ. ಬೆಳಿಗ್ಗೆ ಹೆಂಡತಿಯ 12 ಅಂಡಾಣು ತಟ್ಟೆಯಲ್ಲಿವೆ, ಮಧ್ಯಾಹ್ನ ಗಂಡನ ಎರಡೂ ವೃಷಣದಲ್ಲಿ ಏನೂ ಸಿಗಲಿಲ್ಲ. ಈಗ? ಅಂಡಾಣು ಫ್ರೀಜ್ ಮಾಡಬೇಕಾ, ದಾನಿಯ ವೀರ್ಯ ಬಳಸಬೇಕಾ, ಬಿಡಬೇಕಾ? ಅರಿವಳಿಕೆಯಿಂದ ಇನ್ನೂ ಪೂರ್ತಿ ಏಳದ ಇಬ್ಬರ ಮುಂದೆ ಫಾರ್ಮ್ ಹಿಡಿದು ಈ ಪ್ರಶ್ನೆ ಕೇಳಬಾರದು. ನಾನು ಹೇಳುವುದು ಮೊದಲು ಗಂಡನ ಆಪರೇಷನ್, ಸಿಕ್ಕಿದರೆ ಫ್ರೀಜ್, ಆಮೇಲೆ ಹೆಂಡತಿಯ ಇಂಜೆಕ್ಷನ್. ಇದರಲ್ಲೂ ಒಂದು ಅಪಾಯವಿದೆ: ಸಿಕ್ಕಿದ್ದೇ ನಾಲ್ಕೈದಾದರೆ ಕರಗಿಸುವಾಗ ಕೆಲವು ಉಳಿಯುವುದಿಲ್ಲ. ಅದಕ್ಕಾಗಿ ಕೆಲವು ಸರ್ಜನ್‌ಗಳು ಪಿಕಪ್ಪಿನ ಹಿಂದಿನ ದಿನ ಮಾಡುತ್ತಾರೆ. ಯಾವುದನ್ನು ಆರಿಸಿದರೂ, ಸಿಗದಿದ್ದರೆ ಏನು ಎನ್ನುವುದನ್ನು ಮೊದಲೇ ತೀರ್ಮಾನಿಸಿ ಬರೆದಿಡಿ.

"ಒಟ್ಟು ಖರ್ಚು ಎಷ್ಟು? ಇನ್ಶೂರೆನ್ಸ್ ಬರುತ್ತದಾ?"

ಊರಿಗೊಂದು, ಆಸ್ಪತ್ರೆಗೊಂದು ರೇಟ್. ಸರ್ಜನ್, ಅರಿವಳಿಕೆ, ಇಕ್ಸಿ, ಫ್ರೀಜಿಂಗ್, ವರ್ಷದ ಬಾಡಿಗೆ, ಔಷಧ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸಿಗದಿದ್ದರೆ ಇಕ್ಸಿಯ ದುಡ್ಡು ವಾಪಸ್ಸಾ ಎಂದೂ ಬರೆಸಿ. ಬಂಜೆತನದ ಚಿಕಿತ್ಸೆಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ, ನಿಮ್ಮದನ್ನು ಓದಿ ನೋಡಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ, ಅರ್ಥವಾಗುವವರೆಗೆ ಸಹಿ ಹಾಕಬೇಡಿ.

## ಮುಂದಿನ ಹಂತದ ಪ್ರಶ್ನೆಗಳು

"ಸಿಗದಿದ್ದರೆ ಅವರ ತಮ್ಮನದ್ದು ಬಳಸಬಹುದಾ? ರಕ್ತ ಒಂದೇ ಆಗುತ್ತದಲ್ಲ."

ಈ ಸಲಹೆ ಬರುವುದು ಹೆಚ್ಚಾಗಿ ಮನೆಯ ಹಿರಿಯರಿಂದ. ಕಾನೂನು ಬಿಡುವುದಿಲ್ಲ. 2022ರ ಜನವರಿ 25ರಿಂದ ಜಾರಿಯಲ್ಲಿರುವ 2021ರ ಎಆರ್‌ಟಿ ಕಾಯ್ದೆಯಂತೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ದಾನಿಗೆ 21ರಿಂದ 55 ವಯಸ್ಸಿರಬೇಕು, ಆತ ಯಾರೆಂದು ನಿಮಗೆ ಗೊತ್ತಾಗುವುದಿಲ್ಲ, ನೀವು ಯಾರೆಂದು ಅವನಿಗೂ ಗೊತ್ತಾಗುವುದಿಲ್ಲ. ಹುಟ್ಟಿದ ಮಗು ಕಾನೂನಿನಲ್ಲಿ ನಿಮ್ಮಿಬ್ಬರದ್ದೇ, ದಾನಿಗೆ ಹಕ್ಕಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ: ದೀಪಾವಳಿಗೆ ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪನ ಮುಖ, ಮಗುವಿನ ಮುಖ ಹೋಲಿಸುವ ಮನೆಯಲ್ಲಿ ಮೂವರಿಗೂ ನೆಮ್ಮದಿ ಇರುವುದಿಲ್ಲ. ದಾನಿ, ದತ್ತು, ಇಬ್ಬರೇ ಇರುವುದು, ಮೂರೂ ಮರ್ಯಾದೆಯ ದಾರಿಗಳೇ.

"ನನ್ನ ತೊಂದರೆ ಮಗನಿಗೂ ಬರುತ್ತದಾ?"

ಕಾರಣ ಗೊತ್ತಿದ್ದರೆ ಉತ್ತರ ಕೊಡಬಹುದು. ಸೋಂಕು, ನಸ್‌ಬಂದಿ, ಹಳೆಯ ಆಪರೇಷನ್ ಆದರೆ ಬರುವುದಿಲ್ಲ. ಎಜೆಡ್‌ಎಫ್ ಸಿ ಭಾಗ ಹೋಗಿದ್ದರೆ ಗಂಡುಮಗುವಿಗೆ ಅದೇ ವೈ ಹೋಗುತ್ತದೆ, ದೊಡ್ಡವನಾದಾಗ ಅವನಿಗೂ ಇದೇ ತೊಂದರೆ ಬರುವ ಸಾಧ್ಯತೆ ಹೆಚ್ಚು. ಹೆಣ್ಣುಮಗುವಿಗೆ ಹೋಗುವುದಿಲ್ಲ. ಹುಟ್ಟಿನಿಂದ ಎರಡೂ ಕಡೆ ವೀರ್ಯನಾಳ ಇಲ್ಲದವರ ವಿಷಯ ಬೇರೆ. ಅವರಲ್ಲಿ ಹಲವರಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಗಂಭೀರ ಕಾಯಿಲೆಯ ಜೀನಿನಲ್ಲಿ ದೋಷವಿರುತ್ತದೆ. ಹೆಂಡತಿಯೂ ಆ ಜೀನಿನ ವಾಹಕಳಾಗಿದ್ದರೆ ಮಗುವಿಗೆ ಕಾಯಿಲೆಯೇ ಬರಬಹುದು. ವೀರ್ಯಾಣು ಸುಲಭವಾಗಿ ಸಿಗುತ್ತದೆಂದು ಈ ಪರೀಕ್ಷೆ ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಸೋದರಮಾವನ ಮಗಳನ್ನು ಮದುವೆಯಾದವರು ಬಿಡಲೇಬಾರದು.

"ತಮ್ಮನನ್ನು ಊರಿನಿಂದ ಟಾಟಾ ಆಸ್ಪತ್ರೆಗೆ ಕರೆತಂದಿದ್ದೇವೆ. ಅವನಿಗೆ 24, ಕೀಮೋ ಶುರುವಾಗಲಿದೆ. ಮದುವೆ ಆಗಿಲ್ಲ."

ಕೀಮೋದ ಮೊದಲ ಡೋಸಿಗೆ ಮುಂಚೆ ಸ್ಯಾಂಪಲ್ ಫ್ರೀಜ್ ಮಾಡಿಸಿ, ಇವತ್ತೇ ಡಾಕ್ಟರನ್ನು ಕೇಳಿ. ಒಂದೆರಡು ದಿನದ ಕೆಲಸ. ಸ್ಯಾಂಪಲಿನಲ್ಲಿ ಸೊನ್ನೆ ಬಂದರೆ, ಚಿಕಿತ್ಸೆಗೆ ತಡವಾಗದಂತೆ ವೃಷಣದಿಂದ ತೆಗೆದಿಡುವುದೂ ಸಾಧ್ಯ. ಪರೇಲಿನ ಆ ಕಾರಿಡಾರಿನಲ್ಲಿ ನಿಂತಾಗ ಮಕ್ಕಳ ವಿಚಾರ ಯಾರ ತಲೆಗೂ ಬರುವುದಿಲ್ಲ, ಅಣ್ಣನಾದವನು ನೆನಪಿಸಬೇಕು. ಕೀಮೋ ಮುಗಿದ ಮೇಲೆ ಸೊನ್ನೆಯಾದವರಲ್ಲಿ ಕೆಲವರಿಗೆ ವರ್ಷಗಳಲ್ಲಿ ತಾನಾಗಿ ಮರಳುತ್ತದೆ. ಮರಳದವರಿಗೆ ಮೈಕ್ರೋ ಟೀಸೆ ಇದೆ, ಆದರೆ ಮೊದಲೇ ಕೂಡಿಟ್ಟದ್ದಕ್ಕೆ ಅದು ಸಮವಲ್ಲ.

"ನನಗೆ ಕೌಂಟ್ ಇದೆ. ಎರಡು ಇಕ್ಸಿ ಫೇಲ್ ಆಯಿತು. ಈಗ ಟೀಸಾ ಮಾಡೋಣ ಎನ್ನುತ್ತಾರೆ. ಯಾಕೆ?"

ವೀರ್ಯದಲ್ಲಿ ಬರುವ ವೀರ್ಯಾಣುವಿಗಿಂತ ವೃಷಣದ್ದರಲ್ಲಿ ಡಿಎನ್‌ಎ ಮುರಿತ ಕಡಿಮೆ ಇರುತ್ತದೆ. ದಾರಿಯಲ್ಲಿ ಬರುವಾಗಲೇ ಹೆಚ್ಚು ಹಾನಿಯಾಗುವುದು. ಮುರಿತ ತುಂಬ ಹೆಚ್ಚಿದ್ದು ಇಕ್ಸಿ ಮತ್ತೆ ಮತ್ತೆ ಸೋತವರಿಗೆ ಇದನ್ನು ಪ್ರಯತ್ನಿಸುವುದುಂಟು. ಆಧಾರ ಇನ್ನೂ ಗಟ್ಟಿಯಿಲ್ಲ. ಸಿಗರೇಟು, ಗುಟ್ಕಾ ಬಿಟ್ಟಿರಾ, ವೆರಿಕೋಸಿಲ್ (ವೃಷಣದ ರಕ್ತನಾಳ ಊದಿಕೊಳ್ಳುವುದು) ಇದೆಯೇ ಎಂದು ನೋಡಿಸಿದಿರಾ, ಸ್ಯಾಂಪಲ್‌ಗೆ ಮೊದಲಿನ ಅಂತರ ಒಂದೆರಡು ದಿನಕ್ಕೆ ಇಳಿಸಿ ನೋಡಿದಿರಾ ಎಂದು ಮೊದಲು ನೋಡಿ. ಹೆಂಡತಿಗೆ 40 ದಾಟಿದ್ದರೆ ಸೋಲಿನ ಕಾರಣ ಬಹುಪಾಲು ಅಂಡಾಣುವಿನಲ್ಲೇ ಇರುತ್ತದೆ, ಟೀಸಾ ಅದನ್ನು ಸರಿಮಾಡುವುದಿಲ್ಲ.

"ಫ್ರೀಜ್ ಮಾಡಿಟ್ಟದ್ದು ಎಷ್ಟು ವರ್ಷ ಇರುತ್ತದೆ? ಪುಣೆಗೆ ವರ್ಗವಾದರೆ?"

ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನಿನಲ್ಲಿ ವೀರ್ಯಾಣು ಕೆಡುವುದಿಲ್ಲ. ಕಾಯ್ದೆ ಇಟ್ಟ ಮಿತಿ 10 ವರ್ಷ. ಬೇರೆ ಆಸ್ಪತ್ರೆಗೆ ಸಾಗಿಸಬಹುದು, ಅದಕ್ಕೆ ವಿಶೇಷ ಡಬ್ಬಿಯೂ ಎರಡೂ ಕಡೆಯ ಕಾಗದಪತ್ರವೂ ಬೇಕು. ಬಾಡಿಗೆ ಕಟ್ಟುವುದನ್ನು ಮರೆಯಬೇಡಿ, ಫೋನ್ ನಂಬರ್ ಬದಲಾದರೆ ತಿಳಿಸಿ.

"ಒಂದು ಸಲ ಮೈಕ್ರೋ ಟೀಸೆಯಲ್ಲಿ ಸಿಗಲಿಲ್ಲ. ಇನ್ನೊಮ್ಮೆ ಮಾಡಿಸಬಹುದಾ?"

ಕನಿಷ್ಠ ಆರು ತಿಂಗಳು ಬಿಡಿ, ಗಾಯ ಮಾಯಬೇಕು. ಅಷ್ಟರಲ್ಲಿ ಮೊದಲ ಆಪರೇಷನ್ನಿನ ಬಯಾಪ್ಸಿ ರಿಪೋರ್ಟ್ ಕೇಳಿ ತೆಗೆದುಕೊಳ್ಳಿ. ಎಲ್ಲೆಲ್ಲೂ ವೀರ್ಯಾಣುವನ್ನು ಪೋಷಿಸುವ ಸೆರ್ಟೋಲಿ ಕೋಶಗಳಷ್ಟೇ ಇದ್ದವಾ, ಅರ್ಧ ದಾರಿಯವರೆಗೆ ಬೆಳೆದ ಕೋಶಗಳಿದ್ದವಾ, ಕೆಲವೆಡೆಯಾದರೂ ತಯಾರಿ ಕಂಡಿತ್ತಾ ಎನ್ನುವುದು ಅದರಲ್ಲಿರುತ್ತದೆ. ಮೊದಲು ಆದದ್ದು ಮೈಕ್ರೋಸ್ಕೋಪ್ ಇಲ್ಲದ ಟೀಸೆ ಆಗಿದ್ದರೆ, ಅಥವಾ ಒಂದೇ ವೃಷಣ ನೋಡಿದ್ದರೆ, ಅನುಭವಿ ಕೈಯಲ್ಲಿ ಎರಡನೆಯದಕ್ಕೆ ಅರ್ಥವಿದೆ. ಎರಡೂ ಕಡೆ ಪೂರ್ತಿ ಹುಡುಕಿದ್ದ ಆಪರೇಷನ್ ಅದಾಗಿದ್ದರೆ ಸಾಧ್ಯತೆ ತೀರ ಕಡಿಮೆ, ಟೆಸ್ಟೋಸ್ಟೆರಾನ್ ಇನ್ನಷ್ಟು ಇಳಿಯುವ ಅಪಾಯ ಹೆಚ್ಚು. ಮೊದಲ ಆಪರೇಷನ್ನಿನ ನೋಟ್ಸ್ ಕೊಡಲು ಆಸ್ಪತ್ರೆಯವರು ತಡಮಾಡಿದರೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಿಲ್ಲದೆ ಎರಡನೇ ಸರ್ಜನ್ ಯಾವ ಅಭಿಪ್ರಾಯ ಕೊಟ್ಟರೂ ಅದು ಊಹೆ.